ನೋಡದೆ ಹೇಳಿದ ಮದ್ದು

ಚಳಿ ಹಿಂದೆ ಸರಿದು ಬಿಸಿಲು ಇನ್ನೂ ಬಲಿಯದ ಕಾಲ. ಮರಗಳಲ್ಲಿ ಹಳೆಯ ಎಲೆ ಉದುರಿ ಮುಗಿದಿರಲಿಲ್ಲ, ಆಗಲೇ ಹೊಸದು ಚಿಗುರಲು ಅವಸರ ಮಾಡುತ್ತಿತ್ತು. ವರ್ಷದ ಈ ದಿನಗಳು ಬಂದವೆಂದರೆ ಡಾಕ್ಟರಮ್ಮನಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕುವ ಕೆಲಸ. ಹಾಲು ಕರೆದು ಮುಗಿಯುವ ಹೊತ್ತಿಗೆ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿರಬೇಕು. ದನಗಳನ್ನು ಮೇಯಲು ಬಿಡುವ ಮುಂಚೆ ಆದಷ್ಟನ್ನು ಮುಗಿಸಿಬಿಡಬೇಕು. ಬಿಟ್ಟ ಮೇಲೆ ಅವುಗಳ ಹಿಂದೆ ಓಡಲು ಐವತ್ತು ದಾಟಿದ ಡಾಕ್ಟರಮ್ಮನ ಮಂಡಿಗಾಗಲಿ, ನಿವೃತ್ತಿಯ ಅಂಚಿಗೆ ಬಂದಿದ್ದ ಕಾಂಪೌಂಡರ ಮಂಡಿಗಾಗಲಿ ಕಸುವಿರಲಿಲ್ಲ.

ಐಸು ತುಂಬಿದ ಲಸಿಕೆ ಡಬ್ಬಿಯನ್ನು ಕಾಂಪೌಂಡರು ಹೆಗಲಿಗೆ ಹಾಕಿಕೊಂಡಿದ್ದರು. ಡಾಕ್ಟರಮ್ಮ ಸಿರಿಂಜು ಹಿಡಿದು, ಸಗಣಿ ನೀರಿನಲ್ಲಿ ಪಚಪಚ ಎನ್ನುವ ರಬ್ಬರ್ ಬೂಟು ಹಾಕಿಕೊಂಡು, ಒಂದು ಕೊಟ್ಟಿಗೆಯಿಂದ ಇನ್ನೊಂದಕ್ಕೆ ಹೋಗುತ್ತಿದ್ದಳು. ಕಳೆದ ವಾರವೆಲ್ಲ ಹೀಗೇ ನಡೆದಿತ್ತು. ಬಲಗೈಯ ಹೆಬ್ಬೆರಳು ಸಿರಿಂಜು ಒತ್ತಿ ಒತ್ತಿ ಮರಗಟ್ಟಿತ್ತು. ಎಡ ಮೊಣಕಾಲಿನ ಕೆಳಗೆ ಒಂದು ಕಡಸು ಒದ್ದ ಗುರುತು ನೀಲಿಗಟ್ಟಿ ಕೂತಿತ್ತು. ರಾತ್ರಿ ಮಲಗಿದರೂ ಕಣ್ಣೆದುರು ದನದ ಬೆನ್ನುಗಳೇ ಸಾಲುಗಟ್ಟಿ ಹೋಗುತ್ತಿದ್ದವು.

"ಮೇಡಂ, ಈ ಎಮ್ಮೆ ಹತ್ರ ನೀವೇ ಹೋಗಿ," ಎಂದರು ಕಾಂಪೌಂಡರು, ಮೂಲೆಯಲ್ಲಿ ಕಣ್ಣು ಕೆಕ್ಕರಿಸುತ್ತಿದ್ದ ಎಮ್ಮೆಯನ್ನು ನೋಡಿ. "ನನಗೆ ಒಂದು ತಿಂಗಳಾದ್ರೂ ಪಿಂಚಣಿ ತಿನ್ಬೇಕು ಅಂತ ಆಸೆ ಇದೆ."

"ನಿಮ್ಮ ಆಸೆಗೆ ನನ್ನ ಕಾಲು ಬಲಿ ಕೊಡ್ಬೇಕಾ?"

"ನಿಮ್ಮ ಕಾಲು ಆಗಲೇ ನೀಲಿ ಆಗಿದೆಯಲ್ಲ. ಇನ್ನೊಂದು ಬಿದ್ರೂ ಗೊತ್ತಾಗಲ್ಲ."

ಎಮ್ಮೆಯ ಮಾಲೀಕ ಹಗ್ಗ ಬಿಗಿಹಿಡಿದು ನಕ್ಕ. ಅಷ್ಟರಲ್ಲಿ ಪಕ್ಕದ ಗೋಡೆಯಾಚೆಯಿಂದ ಒಬ್ಬ ತಲೆ ಹಾಕಿದ. "ಡಾಕ್ಟರಮ್ಮಾ, ನನ್ನ ಕರು ನಿನ್ನೆಯಿಂದ ಮೇವು ಮುಟ್ತಿಲ್ಲ. ಏನಾದ್ರೂ ಮದ್ದು ಹೇಳಿ."

"ನಾನೇನು ಕಣಿ ಹೇಳೋಳಾ?" ಡಾಕ್ಟರಮ್ಮ ತಿರುಗದೆ ಅಂದಳು. "ನೋಡದೆ ಹೆಂಗಪ್ಪ ಹೇಳ್ಲಿ? ಹಿಡ್ಕೊಂಡು ಬಾ ಇಲ್ಲಿಗೆ."

ಅವನು ಗೊಣಗುತ್ತಾ ಕರು ತರಲು ಹೋದ. ಆಗಲೇ ಅವಳ ಕೋಟಿನ ಜೇಬಿನಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಒಂದು ಕೈಯಲ್ಲಿ ಸಿರಿಂಜು, ಇನ್ನೊಂದು ಕೈ ಎಮ್ಮೆಯ ಕುತ್ತಿಗೆಯ ಮೇಲೆ. ಕಾಂಪೌಂಡರೇ ಫೋನು ತೆಗೆದು ಅವಳ ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿದರು.

"ಗುಬ್ಬಿ, ಕೆಲಸದಲ್ಲಿದೀಯಾ?"

ಅಕ್ಕ. ಅವಳೊಬ್ಬಳೇ ಈಗಲೂ ಡಾಕ್ಟರಮ್ಮನನ್ನು ಗುಬ್ಬಿ ಎನ್ನುತ್ತಿದ್ದುದು. ಈ ಮೈಗೆ ಆ ಹೆಸರು ಹೊಂದುವ ಕಾಲ ಎಂದೋ ಹೋಗಿತ್ತು.

"ಹೇಳಕ್ಕ. ಎಮ್ಮೆ ಹಿಡ್ಕೊಂಡಿದೀನಿ, ಬೇಗ ಹೇಳು."

"ಏನಿಲ್ಲ ಕಣೆ… ಈ ಕಡ್ಡಿ ಇಲ್ವಾ, ಅದರ ಮೈಮೇಲೆ ಬಿಳಿ ಚುಕ್ಕೆ ಎದ್ದಿದೆ. ಉಪ್ಪಿನ ಹರಳು ಅಂಟಿದ ಹಾಗೆ. ಡುಮ್ಮಿನೂ ಮೊದಲಿನ ಹಾಗಿಲ್ಲ, ಗಿಡದ ಹಿಂದೆ ಹೋಗಿ ಅಡಗಿ ಕೂರತ್ತೆ. ನೀನೊಂದು ಸಲ ಬಂದು ನೋಡೋಕಾಗತ್ತಾ ಅಂತ."

ಕಡ್ಡಿ, ಡುಮ್ಮಿ ಅಂದರೆ ಅಕ್ಕನ ಮನೆಯ ಎರಡು ಗೋಲ್ಡ್ ಫಿಶ್ಶು. ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದವರು ಖಾಲಿ ಮಾಡುವಾಗ ಗಾಜಿನ ತೊಟ್ಟಿಯನ್ನು ಮೀನುಗಳ ಸಮೇತ ಬಿಟ್ಟು ಹೋಗಿದ್ದರು. ಭಾವ ಮೀನುಗಳನ್ನು ಹೊಳೆಗೆ ಬಿಟ್ಟು ತೊಟ್ಟಿಯನ್ನು ಮಾರಿಬಿಡೋಣ ಎಂದಿದ್ದರು. ಅಕ್ಕ ಕೊಡಲಿಲ್ಲ. ಸಣ್ಣಗೆ ಉದ್ದಕ್ಕಿದ್ದದ್ದು ಕಡ್ಡಿಯಾಯಿತು, ದುಂಡಗಿದ್ದದ್ದು ಡುಮ್ಮಿಯಾಯಿತು.

ಡಾಕ್ಟರಮ್ಮನ ತಲೆಯಲ್ಲಿ ಕಾಲೇಜಿನ ಕಾಲದ ಒಂದೇ ಒಂದು ಪಾಠ ಮಸುಕಾಗಿ ಹಾದುಹೋಯಿತು. ಮೀನಿನ ಮೈಮೇಲೆ ಬಿಳಿ ಚುಕ್ಕೆ ಅಂದರೆ ಚುಕ್ಕೆ ರೋಗ; ಪರೋಪಜೀವಿ; ಉಪ್ಪು ಹಾಕಿದರೆ ಸಾಯುತ್ತದೆ. ಎಮ್ಮೆ ಒಮ್ಮೆ ಮೈ ಕೊಡವಿತು. ಹಗ್ಗ ಹಿಡಿದವನು "ಹೋ ಹೋ" ಎಂದ.

"ಅದಕ್ಕೆಲ್ಲ ಬರೋದೇನು ಬೇಡಕ್ಕ. ಚುಕ್ಕೆ ರೋಗ ಅದು. ಎರಡು ಹಿಡಿ ಉಪ್ಪು ಹಾಕು, ದಿನಕ್ಕೆ ಮೂರು ಹೊತ್ತು. ವಾಸಿ ಆಗತ್ತೆ."

"ಕಲ್ಲುಪ್ಪಾ, ಪುಡಿ ಉಪ್ಪಾ?"

"ಯಾವುದಾದ್ರೂ ಹಾಕು."

"ಆಯ್ತು ಬಿಡು. ನೀನು ಹೇಳಿದ ಮೇಲೆ ಮುಗೀತು," ಎಂದಳು ಅಕ್ಕ. ಅವಳ ದನಿ ಹಗುರಾದದ್ದು ಫೋನಿನಲ್ಲೂ ತಿಳಿಯಿತು.

ಕಾಂಪೌಂಡರು ಫೋನನ್ನು ತೆಗೆದು ಅವಳ ಜೇಬಿಗೆ ಹಾಕುತ್ತಾ, "ಮೀನಿಗೂ ದಿನಕ್ಕೆ ಮೂರು ಹೊತ್ತಾ ಮೇಡಂ? ಊಟಕ್ಕೆ ಮುಂಚೆನಾ, ಆಮೇಲಾ?" ಎಂದರು.

"ನೀವು ಮೊದಲು ಬಾಲ ಹಿಡ್ಕೊಳ್ಳಿ," ಎಂದಳು ಡಾಕ್ಟರಮ್ಮ.

ಬಿಸಿಲೇರುವ ಹೊತ್ತಿಗೆ ಆ ಕೇರಿ ಮುಗಿಯಿತು. ಮೇವು ಮುಟ್ಟದ ಕರುವಿನ ಬಾಯಿ ತೆರೆದು ನೋಡಿದರೆ ನಾಲಿಗೆಯ ಕೆಳಗೆ ಒಂದು ಮುಳ್ಳು ಸಿಕ್ಕಿಕೊಂಡಿತ್ತು. ಚಿಮುಟದಲ್ಲಿ ಎಳೆದು ತೆಗೆದಳು. ಮಾಲೀಕ "ಇಷ್ಟೇನಾ!" ಎಂದು ಬಾಯಿ ಬಿಟ್ಟ.

ಮಧ್ಯಾಹ್ನ ಕಾಂಪೌಂಡರೂ ಅವಳೂ ಒಂದು ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿ ಕೂತಿದ್ದರು. ಕೈಗೆ ಎಷ್ಟು ಸೋಪು ಹಚ್ಚಿ ತೊಳೆದರೂ ದನದ ವಾಸನೆ ಹೋಗಿರಲಿಲ್ಲ. ಹಸಿವೇನೋ ಇತ್ತು, ತುತ್ತು ಅಗಿಯಲು ಮಾತ್ರ ದವಡೆಗೆ ಬೇಸರ. ಆಗ ಮತ್ತೆ ಅಕ್ಕನ ಫೋನು.

"ಗುಬ್ಬಿ, ಮಧ್ಯಾಹ್ನದ್ದೂ ಹಾಕಿದೆ ಕಣೆ. ಹಾಕ್ತಿದ್ದ ಹಾಗೆ ಕಡ್ಡಿ ಎಗರಾಡಿಬಿಡ್ತು. ಈಗ ಸುಮ್ಮನಿದೆ. ಡುಮ್ಮಿ ತಳಕ್ಕೆ ಹೋಗಿ ಮಲಗಿದೆ, ಪಕ್ಕಕ್ಕೆ ವಾಲಿದ ಹಾಗೆ. ಚುಕ್ಕೆ ಒಂದೂ ಕಮ್ಮಿ ಆಗಿಲ್ಲ."

"ಮದ್ದು ಹಿಡಿಯೋಕೆ ಹೊತ್ತು ಬೇಕಲ್ಲಕ್ಕ," ಎಂದಳು ಡಾಕ್ಟರಮ್ಮ. ಅಂದ ಮೇಲೆ ಕೈಯಲ್ಲಿದ್ದ ತುತ್ತನ್ನು ಬುತ್ತಿಗೇ ಇಳಿಸಿದಳು. ಪಕ್ಕಕ್ಕೆ ವಾಲಿದ ಪ್ರಾಣಿ ಅಂದರೆ ಏನು ಅಂತ ಅವಳಿಗೆ ಗೊತ್ತಿರಲಿಲ್ಲವೇ? ದನವಾಗಿದ್ದರೆ ಬುತ್ತಿ ಅಲ್ಲೇ ಬಿಟ್ಟು ಓಡುತ್ತಿದ್ದಳು. "ಅಕ್ಕ, ಸಂಜೆದು ಹಾಕಬೇಡ. ನಾನು ಬರ್ತೀನಿ."

"ಬರ್ತೀಯಾ?" ಎಂದಳು ಅಕ್ಕ, ನಂಬಲಾಗದವಳಂತೆ. "ದಣಿದಿರ್ತೀಯ. ಆಗೋದಾದ್ರೆ ಬಾ."

ಆಗೋದಾದ್ರೆ ಬಾ ಎನ್ನುವುದು ಅಕ್ಕನ ಮಾತಿನ ರೀತಿ. ಅವಳು ಇಂಥದ್ದು ಬೇಕು ಎಂದು ಕೇಳಿದ್ದು ಡಾಕ್ಟರಮ್ಮನಿಗೆ ನೆನಪಿಲ್ಲ. ಅಮ್ಮ ತೀರಿಕೊಂಡಾಗ ಇವಳಿನ್ನೂ ಶಾಲೆಗೆ ಹೋಗುವ ಹುಡುಗಿ. ಅಪ್ಪ ಗಾಡಿ ಹೊಡೆಯಲು ಹೋದರೆ ಬಂದಾಗಲೇ ಬಂದ. ಅಕ್ಕ ಕತ್ತಲಿರುವಾಗಲೇ ಎದ್ದು ಮನೆಯ ಹಸುಗಳ ಹಾಲು ಕರೆದು, ಆಮೇಲೆ ಅಕ್ಕಪಕ್ಕದವರ ಕೊಟ್ಟಿಗೆಗೂ ಹೋಗಿ ಕೂಲಿಗೆ ಕರೆದುಕೊಟ್ಟು ಬಂದು, ತಂಗಿಯ ಜಡೆ ಹೆಣೆದು ಕಳಿಸುತ್ತಿದ್ದಳು. ಕಾಲೇಜು ಮುಗಿಯುವ ತನಕವೂ ಅದೇ ನಡೆಯಿತು. ತಂಗಿ ಡಾಕ್ಟರಾಗಿ ಮೊದಲ ಸಲ ಬಿಳಿ ಕೋಟು ತೊಟ್ಟು ಬಂದ ದಿನ ಅಕ್ಕ ಕೋಟಿನ ಗುಂಡಿ ಮುಟ್ಟಿ ನೋಡಿದ್ದಳು. ಆಗಲೇ ಅವಳ ಬೆರಳ ಗೆಣ್ಣುಗಳು ದಪ್ಪವಾಗಿದ್ದವು. ಈಗಂತೂ ಎರಡು ಕೈಯ ಬೆರಳುಗಳೂ ಮಡಿಚುವುದಿಲ್ಲ. ಕೆಚ್ಚಲು ಹಿಡಿಯಲಾಗದೆ ಹಸುಗಳನ್ನು ಮಾರಿದಳು. ಖಾಲಿಯಾದ ಕೊಟ್ಟಿಗೆಯಲ್ಲಿ ಭಾವ ತಮ್ಮ ಶಾಲಾ ವ್ಯಾನು ನಿಲ್ಲಿಸುತ್ತಾರೆ. ಅಂಥ ಮನೆಗೆ ಆ ಎರಡು ಮೀನು ಬಂದಿದ್ದವು. ಅವುಗಳಿಂದ ಕರೆಯುವುದೇನೂ ಇರಲಿಲ್ಲ. ಬೆಳಿಗ್ಗೆ ಚಿಟಿಕೆ ಆಹಾರ, ಸಂಜೆ ಚಿಟಿಕೆ ಆಹಾರ. ಆಮೇಲೆ ಅಕ್ಕ ಸ್ಟೂಲು ಎಳೆದುಕೊಂಡು ಸುಮ್ಮನೆ ನೋಡುತ್ತಾ ಕೂರುವಳು. ಹುಟ್ಟಿದಾಗಿನಿಂದ ಅಕ್ಕ ಹಾಗೆ ಸುಮ್ಮನೆ ಕೂತದ್ದನ್ನು ತಂಗಿ ನೋಡಿದ್ದು ಅಲ್ಲಿಯೇ ಮೊದಲು.

ಸಂಜೆ ಕೊನೆಯ ಕೊಟ್ಟಿಗೆ ಮುಗಿಸುವಾಗ ಸೂಜಿ ಜಾರಿ ಅವಳ ಅಂಗೈಗೇ ಚುಚ್ಚಿತು. "ಈಗ ನಿಮಗೆ ಕಾಲುಬಾಯಿ ಬರಲ್ಲ ಬಿಡಿ," ಎಂದರು ಕಾಂಪೌಂಡರು. ಅವಳು ನಗಲಿಲ್ಲ. ಡಬ್ಬಿಯನ್ನು ಆಸ್ಪತ್ರೆಗೆ ಸೇರಿಸಲು ಅವರಿಗೆ ಹೇಳಿ, ಸ್ಕೂಟರು ಹತ್ತಿ ಅಕ್ಕನ ಮನೆಯ ಕಡೆ ತಿರುಗಿಸಿದಳು.

ಅಕ್ಕನ ಮನೆಯ ಬೀದಿ ಸಣ್ಣದು; ಎದುರಿಂದ ಕೈಗಾಡಿ ಬಂದರೆ ಸ್ಕೂಟರು ಗೋಡೆಗೆ ಒತ್ತಿ ನಿಲ್ಲಿಸಬೇಕು. ಮೆಟ್ಟಿಲ ಮೇಲೆ ಭಾವ ಬನಿಯನ್ನಿನಲ್ಲಿ ಕೂತು ವ್ಯಾನಿನ ಕನ್ನಡಿ ಒರೆಸುತ್ತಿದ್ದರು.

"ಬಂದ್ರಾ, ದೊಡ್ಡ ಡಾಕ್ಟರು!" ಎಂದರು. "ಬೆಳಿಗ್ಗೆಯಿಂದ ಈ ಮನೇಲಿ ಒಲೆ ಹತ್ತಿಲ್ಲ ಕಣಮ್ಮ. ನನಗೆ ಜ್ವರ ಬಂದು ಮಲಗಿದಾಗಲೂ ನಿಮ್ಮಕ್ಕ ಇಷ್ಟು ಹೊತ್ತು ನನ್ನ ಮುಂದೆ ಕೂತಿರ್ಲಿಲ್ಲ."

"ನೀವು ಮೀನಾಗಿ ಹುಟ್ಟಬೇಕಿತ್ತು ಭಾವ."

"ಹುಟ್ಟಿದ್ರೆ ಇಷ್ಟರಲ್ಲಿ ನನ್ನನ್ನೂ ಉಪ್ಪು ಹಾಕಿ ಇಟ್ಟಿರ್ತಿದ್ಲು."

ತಮಾಷೆಯ ಮಾತೇ. ಆದರೆ ಡಾಕ್ಟರಮ್ಮ ಅದಕ್ಕೆ ನಿಲ್ಲಲಿಲ್ಲ. ಬೂಟು ಹೊರಗೆ ಬಿಚ್ಚಿ ಒಳಗೆ ಹೋದಳು.

ಕಿಟಕಿಯ ಪಕ್ಕದ ಮೇಜಿನ ಮೇಲೆ ಗಾಜಿನ ತೊಟ್ಟಿ. ಮೂರು ಕೊಡ ನೀರು ಹಿಡಿಯಬಹುದು. ಮೂಲೆಯಲ್ಲಿ ಗಾಳಿಯ ಮೋಟಾರು ಗುಳುಗುಳು ಎನ್ನುತ್ತಿತ್ತು. ಅಕ್ಕ ಸ್ಟೂಲಿನ ಮೇಲೆ ಕೂತವಳು ತಿರುಗಿ ನೋಡಿದಳು. ಕಣ್ಣು ಬಾಡಿದ್ದವು. "ಬಂದ್ಯಾ," ಎಂದಷ್ಟೇ ಹೇಳಿ ಎದ್ದು ಜಾಗ ಬಿಟ್ಟಳು.

ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಡಾಕ್ಟರಮ್ಮ ಹೇಳಿಕೊಡುತ್ತಿದ್ದ ಮೊದಲ ಪಾಠವೆಂದರೆ ಕೈ ಜೇಬಿನಲ್ಲಿಟ್ಟುಕೊಂಡು ದೂರ ನಿಲ್ಲುವುದು. ಮುಟ್ಟುವ ಮೊದಲು ನೋಡಬೇಕು. ಈಗ ಅವಳೂ ಹಾಗೇ ನಿಂತಳು. ಡುಮ್ಮಿ ತಳದಲ್ಲಿ, ಒಂದು ಬದಿಗೆ ಒರಗಿ, ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು. ಅದರ ಸುತ್ತ ಜಲ್ಲಿಯ ಸಂದಿನಲ್ಲಿ ಕರಗದ ಉಪ್ಪಿನ ಹರಳು ಕೊಳಕು ಮಂಜಿನಂತೆ ಕೂತಿತ್ತು. ಕಡ್ಡಿ ಮೇಲೆ, ನೀರಿನ ಅಂಚಿಗೆ ಮೂತಿ ಹಚ್ಚಿ, ಅಲುಗದೆ ತೇಲುತ್ತಿತ್ತು.

ಹತ್ತಿರ ಹೋಗಿ ಕಡ್ಡಿಯ ಮೇಲೆ ಫೋನಿನ ಬೆಳಕು ಬಿಟ್ಟಳು. ಚುಕ್ಕೆಗಳಿದ್ದವು, ನಿಜ. ಆದರೆ ಎಲ್ಲಿದ್ದವು? ಕಿವಿರು ಮುಚ್ಚುವ ಚಿಪ್ಪಿನ ಮೇಲೆ, ಮತ್ತು ಮುಂದಿನ ರೆಕ್ಕೆಯ ಅಂಚಿನ ಗಟ್ಟಿ ಎಲುಬಿನ ಉದ್ದಕ್ಕೂ. ಒಂದರ ಪಕ್ಕ ಒಂದು, ಎಲ್ಲ ಒಂದೇ ಗಾತ್ರ, ಯಾರೋ ಹೊಲಿಗೆ ಹಾಕಿದ ಹಾಗೆ ಸಾಲಾಗಿ. ಬಾಲ ಚೊಕ್ಕ. ಬೆನ್ನು ಚೊಕ್ಕ. ಹೊಟ್ಟೆಯ ಮೇಲೆ ಒಂದಾದರೂ ಇಲ್ಲ. ರೋಗದ ಚುಕ್ಕೆ ಹೀಗೆ ಎರಡೇ ಜಾಗ ನೋಡಿ ಕೂರುವುದಿಲ್ಲ. ಎಲ್ಲಿ ಬೇಕೋ ಅಲ್ಲಿ ಚೆಲ್ಲಿಕೊಳ್ಳುತ್ತದೆ.

"ಅಕ್ಕ, ಮೈಮೇಲೆ ಅಂದೆಯಲ್ಲ. ಇಲ್ಲಿ ಕೆನ್ನೆ ಮೇಲಲ್ವಾ ಇರೋದು?"

"ಕೆನ್ನೆ ಮೈ ಅಲ್ವೇನೆ?"

ಮೈಯೇ. ಕೇಳಬೇಕಾದವಳು ತಾನು. ಎಲ್ಲಿ, ಯಾವಾಗಿನಿಂದ, ಬೇರೆ ಏನು ಬದಲಾಗಿದೆ ಎಂದು ದನದವರನ್ನು ಕೇಳುವಾಗ ಬಾಯಿ ತಾನಾಗಿ ತೆರೆಯುತ್ತಿತ್ತು. ಅವಳು ಈಗ ಕೇಳಿದಳು: "ಮುಂಚೆ ಎರಡೂ ಹೇಗಿದ್ವು? ಚುಕ್ಕೆ ಏಳೋಕೆ ಮುಂಚೆ?"

ಉತ್ತರ ಬಂದದ್ದು ಬಾಗಿಲಲ್ಲಿ ಬಂದು ನಿಂತಿದ್ದ ಭಾವನಿಂದ. "ಜಗಳ ಕಣಮ್ಮ, ಬರೀ ಜಗಳ. ಈ ಕಡ್ಡಿ ಇಡೀ ದಿನ ಡುಮ್ಮಿ ಬೆನ್ನು ಬಿಡ್ತಿರ್ಲಿಲ್ಲ. ಮೂತೀಲಿ ಹೊಟ್ಟೆಗೆ ತಿವಿಯೋದು, ಬಾಲದ ಹಿಂದೆ ಸುತ್ತೋದು. ಅದು ಪಾಪ ಸಾಕಾಗಿ ಗಿಡದ ಹಿಂದೆ ಅಡಗೋದು. ನಾನು ನಿಮ್ಮಕ್ಕನಿಗೆ ಹೇಳ್ದೆ, ನೀನು ಅದೊಂದಕ್ಕೇ ಜಾಸ್ತಿ ತಿನ್ನಿಸ್ತೀಯ, ನೋಡು ಹೊಟ್ಟೆ ಹೇಗೆ ಊದಿದೆ, ಅದಕ್ಕೇ ಇದಕ್ಕೆ ಸಿಟ್ಟು ಅಂತ."

ಡಾಕ್ಟರಮ್ಮ ಮೇಜಿನ ಅಂಚು ಹಿಡಿದುಕೊಂಡಳು. ಚಳಿ ಹೋಗಿ ನೀರು ಬೆಚ್ಚಗಾಗುವ ಕಾಲ. ಗಂಡು ಹೆಣ್ಣಿನ ಹಿಂದೆ ಸುತ್ತುತ್ತದೆ. ಅದರ ಕೆನ್ನೆಯ ಮೇಲೆ, ರೆಕ್ಕೆಯ ಮೇಲೆ ಬಿಳಿ ಗುಳ್ಳೆಗಳು ಏಳುತ್ತವೆ. ಆ ಮಸುಕು ಪಾಠದ ಕೊನೆಯ ಸಾಲು ಈಗ, ಯಾರಿಗೂ ಉಪಯೋಗಕ್ಕೆ ಬಾರದ ಹೊತ್ತಿನಲ್ಲಿ, ಅಕ್ಷರ ಅಕ್ಷರವಾಗಿ ನೆನಪಾಯಿತು. ಅದೂ ನೆನಪಾಗದಿದ್ದರೆ ಬೇಡ, ಇಷ್ಟು ವರ್ಷ ಕೊಟ್ಟಿಗೆ ಕೊಟ್ಟಿಗೆ ಅಲೆದವಳಿಗೆ ಬೆದೆ ಅಂದರೆ ಏನೆಂದು ಕಣ್ಣಿಗೇ ಕಾಣಬೇಕಿತ್ತು. ಕಡ್ಡಿಗೆ ಬಂದಿದ್ದದ್ದು ಬೆದೆ. ಡುಮ್ಮಿಯ ಹೊಟ್ಟೆಯಲ್ಲಿದ್ದದ್ದು ಮೊಟ್ಟೆ. ನಡುವೆ ಒಂದು ಗಾಜಿನ ತುಂಡೋ ಜಾಲರಿಯೋ ಅಡ್ಡ ಇಟ್ಟು, ದಣಿದ ಹೆಣ್ಣಿಗೆ ಎರಡು ದಿನ ಉಸಿರು ಬಿಡಲು ಜಾಗ ಮಾಡಿಕೊಟ್ಟಿದ್ದರೆ ಸಾಕಿತ್ತು.

ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡಳು. ಮುಖ ಕಿವುಚಿತು. ಎರಡು ಹಿಡಿಯಂತೆ ಎರಡು ಸಲ ಹಾಕಿದರೆ ಇಷ್ಟಾಗುವುದಿಲ್ಲ.

"ಎಷ್ಟು ಹಾಕ್ದೆ ಅಕ್ಕ?"

"ನೀನು ಹೇಳಿದಷ್ಟೇ. ಎರಡು." ಅಕ್ಕ ತನ್ನ ಎರಡು ಕೈಗಳನ್ನು ಮುಂದೆ ಚಾಚಿದಳು. ಗೆಣ್ಣುಗಳು ಗಂಟುಗಂಟಾಗಿ, ಬೆರಳುಗಳು ಅರ್ಧ ಬಾಗಿ ಅಲ್ಲೇ ನಿಂತಿದ್ದವು. "ನನ್ನ ಹಿಡಿ ಮುಚ್ಚಲ್ವಲ್ಲ, ಎಲ್ಲಾ ಸಂದೀಲಿ ಸೋರಿ ಹೋಗತ್ತೆ. ಕಮ್ಮಿ ಬಿದ್ರೆ ಎಲ್ಲಿ ವಾಸಿ ಆಗದೆ ಹೋಗತ್ತೋ ಅಂತ ಬೊಗಸೇಲಿ ಹಾಕ್ದೆ. ಬೆಳಿಗ್ಗೆ ಎರಡು ಬೊಗಸೆ, ಮಧ್ಯಾಹ್ನ ಎರಡು. ಜಾಸ್ತಿ ಆಯ್ತಾ ಗುಬ್ಬಿ?"

ಡಾಕ್ಟರಮ್ಮ ಆ ಕೈಗಳನ್ನು ನೋಡಿದಳು. ಈ ಕೈ ಮುಚ್ಚುವುದಿಲ್ಲವೆಂದು ತನಗಿಂತ ಚೆನ್ನಾಗಿ ಗೊತ್ತಿದ್ದವರು ಯಾರು? ಎಮ್ಮೆ ಹಸುಗಳವರಿಗೆ ಹೇಳಿ ಹೇಳಿ ನಾಲಿಗೆಗೆ ಹತ್ತಿದ್ದ ಹಿಡಿಯ ಲೆಕ್ಕವನ್ನೇ ಅವಳು ಅಕ್ಕನಿಗೂ ಹೇಳಿಬಿಟ್ಟಿದ್ದಳು.

"ಮೊದಲು ನೀರು ಬದಲಾಯಿಸೋಣ," ಎಂದಳು. "ಭಾವ, ಹಿಡಿದಿಟ್ಟ ನೀರು ಇದೆಯಾ? ನಲ್ಲಿದು ನೇರವಾಗಿ ಬೇಡ."

"ಡ್ರಮ್ಮಲ್ಲಿದೆ, ನಿನ್ನೇದು. ಸ್ನಾನಕ್ಕೆ ಇಟ್ಟಿದ್ದು."

"ತನ್ನಿ. ನಾಳೆ ಸ್ನಾನ ಮಾಡ್ದಿದ್ರೆ ಯಾರೂ ಕೇಳಲ್ಲ."

ಸ್ಕೂಟರಿನ ಡಬ್ಬಿಯಿಂದ ಹಸುಗಳಿಗೆ ಗ್ಲೂಕೋಸು ಏರಿಸುವ ಪ್ಲಾಸ್ಟಿಕ್ ನಳಿಗೆ ತಂದಳು. ಒಂದು ತುದಿಯನ್ನು ತಳಕ್ಕೆ, ಉಪ್ಪಿನ ಹರಳು ಕೂತ ಜಾಗಕ್ಕೆ ಇಳಿಸಿ, ಇನ್ನೊಂದು ತುದಿಯನ್ನು ಬಾಯಲ್ಲಿ ಎಳೆದು ಬಕೀಟಿಗೆ ಬಿಟ್ಟಳು. ಬಾಯಿಗೆ ಬಂದ ಉಪ್ಪುನೀರನ್ನು ಉಗುಳಿದಳು. ನೀರು ಸಣ್ಣಗೆ ಇಳಿಯತೊಡಗಿತು. ಒಂದೇ ಸಲ ಎಲ್ಲ ತೆಗೆದು ಸಿಹಿನೀರು ಸುರಿದರೆ ಆ ಹೊಡೆತಕ್ಕೇ ಹೋಗಿಬಿಡುತ್ತವೆ. ಸ್ವಲ್ಪ ತೆಗೆಯಬೇಕು, ಸ್ವಲ್ಪ ಹಾಕಬೇಕು, ಕಾಯಬೇಕು. ಅಕ್ಕ ಒಂದು ತಟ್ಟೆಯನ್ನು ತೊಟ್ಟಿಯ ಬಾಯಿಗೆ ಓರೆಯಾಗಿ ಹಿಡಿದಳು. ಡಾಕ್ಟರಮ್ಮ ಚೊಂಬಿನಿಂದ ಅದರ ಮೇಲೆ ನೀರು ಇಳಿಬಿಟ್ಟಳು. ಭಾವ ಬಕೀಟು ಹೊರಗೆ ಹೊತ್ತು ಚೆಲ್ಲಿ ಬಂದರು, ಡ್ರಮ್ಮಿನಿಂದ ತುಂಬಿ ತಂದರು. ಮತ್ತೆ ಹೊರಗೆ, ಮತ್ತೆ ಒಳಗೆ. ಅವರೂ ಬೆಳಗಿನಿಂದ ಮಕ್ಕಳನ್ನು ಹತ್ತಿಸಿ ಇಳಿಸಿ ಬಂದವರು. ಸೊಂಟದ ಮೇಲೆ ಕೈಯಿಟ್ಟು ನಿಂತಾಗ ಮೂಗಿನಲ್ಲಿ ಉಸಿರು ಸಿಳ್ಳೆ ಹೊಡೆಯುತ್ತಿತ್ತು. ತಮಾಷೆ ನಿಂತಿತ್ತು.

ಡಾಕ್ಟರಮ್ಮನಿಗೆ ಬೆನ್ನು ಬಗ್ಗಿಸಿದರೆ ಎತ್ತಲಾಗದು, ಎತ್ತಿದರೆ ಬಗ್ಗಿಸಲಾಗದು. ಕಣ್ಣು ತಾನಾಗಿ ಮುಚ್ಚುತ್ತಿತ್ತು. ಆದರೂ ಚೊಂಬು ತುಂಬುವುದು, ಇಳಿಬಿಡುವುದು. ಕಡ್ಡಿ ಒಮ್ಮೆ ಬಾಲ ಅಲ್ಲಾಡಿಸಿತು. ಆಮೇಲೆ ನೀರಿನ ಅಂಚಿನಿಂದ ಒಂದು ಗೇಣು ಕೆಳಗೆ ಇಳಿಯಿತು. ಅಕ್ಕ ತಟ್ಟೆ ಹಿಡಿದ ಕೈ ಅಲುಗಿಸದೆ, "ಇಳೀತು, ಇಳೀತು ನೋಡು," ಎಂದು ಪಿಸುಗುಟ್ಟಿದಳು.

ಡುಮ್ಮಿ ಇಳಿಯಲೂ ಇಲ್ಲ, ಏಳಲೂ ಇಲ್ಲ. ಡಾಕ್ಟರಮ್ಮ ಕೋಟು ಬಿಚ್ಚಿಟ್ಟು, ತೋಳು ಮಡಿಚಿ ಕೈ ನೀರೊಳಗೆ ಇಳಿಸಿ, ಅಂಗೈಯಲ್ಲಿ ಅದನ್ನು ಎತ್ತಿ, ಗಾಳಿಯ ಗುಳ್ಳೆಗಳ ಎದುರು ನೇರವಾಗಿ ಹಿಡಿದಳು. ಹೊಟ್ಟೆ ತುಂಬಿ ಬಿಗಿಯಾಗಿತ್ತು. ಕಿವಿರು ಒಮ್ಮೆ ತೆರೆಯಿತು. ಬಹಳ ಹೊತ್ತಿನ ಮೇಲೆ ಇನ್ನೊಮ್ಮೆ. ಹೊರಗೆ ಬೀದಿಯಲ್ಲಿ ಯಾರೋ ಅಂಗಡಿಯ ಬಾಗಿಲೆಳೆದ ಸದ್ದಾಯಿತು. ಮತ್ತೆ ಕಿವಿರು ತೆರೆಯಲಿಲ್ಲ. ಅವಳು ಆದರೂ ಹಿಡಿದೇ ಇದ್ದಳು.

"ಸಾಕು ಬಿಡು," ಎಂದಳು ಅಕ್ಕ ಕೊನೆಗೆ. "ನನಗೂ ಗೊತ್ತಾಗತ್ತೆ."

ಭಾವ ಬಕೀಟು ಕೆಳಗಿಟ್ಟರು. ಡಾಕ್ಟರಮ್ಮ ಡುಮ್ಮಿಯನ್ನು ನೀರಿನಿಂದ ತೆಗೆದಳು. ಅಕ್ಕ ಸೆರಗಿನ ತುದಿ ಒಡ್ಡಿದಳು, ಅದರಲ್ಲೇ ತೆಗೆದುಕೊಂಡಳು.

"ನನ್ನದೇ ತಪ್ಪು," ಎಂದಳು ಅಕ್ಕ, ಸೆರಗಿನೊಳಗೆ ನೋಡುತ್ತಾ. "ಹಿಡಿ ಅಂದ್ರೆ ಹಿಡಿ ಹಾಕ್ಬೇಕಿತ್ತು. ಬೊಗಸೇಲಿ ಹಾಕಿದ್ದು ನಾನು. ಪಕ್ಕದ ಮನೆಯವಳನ್ನ ಕರೆದು ಹಾಕಿಸಿದ್ರೂ ಆಗ್ತಿತ್ತು."

"ಅಲ್ಲಾ, ಮುದುಕಿ ಆದ ಮೇಲೂ ನಿನಗೆ ಅಳತೆ ಗೊತ್ತಾಗಲ್ವಲ್ಲ," ಎಂದರು ಭಾವ. ಬೈಯುವ ದನಿಯಲ್ಲ, ಆದರೂ ಬೈಗುಳವೇ. "ತಂಗಿ ಡಾಕ್ಟರು, ಎರಡು ಅಂದ್ರೆ ಎರಡು ಹಾಕೋದಲ್ವಾ."

ಈ ಮಾತು ಇಲ್ಲಿಗೇ ನಿಂತರೂ ನಿಲ್ಲುತ್ತಿತ್ತು. ಡಾಕ್ಟರಮ್ಮನಿಗೆ ಅದು ತಿಳಿಯಿತು. ಸುಮ್ಮನಿದ್ದರೆ ಅಕ್ಕ ತಪ್ಪನ್ನು ತನ್ನ ಮಡಿಚದ ಬೆರಳುಗಳಿಗೆ ಕಟ್ಟಿಕೊಂಡು, ಕೈ ತೊಳೆದು, ಅಡುಗೆಗೆ ಏಳುತ್ತಾಳೆ. ತಂಗಿಯ ಮಾತಿಗೆ ಈ ಮನೆಯಲ್ಲಿದ್ದ ಬೆಲೆ ಹಾಗೇ ಉಳಿಯುತ್ತದೆ. ಮೈಯೆಲ್ಲ ನೋಯುತ್ತಿತ್ತು, ಇನ್ನೊಂದು ಮಾತೂ ಆಡದೆ ಮನೆಗೆ ಹೋಗಿ ಬಿದ್ದುಕೊಳ್ಳಬಹುದಿತ್ತು.

"ಭಾವ, ಸ್ವಲ್ಪ ಇರಿ," ಎಂದಳು. "ಬೊಗಸೆ ಅಲ್ಲ ಅಕ್ಕ, ಒಂದು ಚಿಟಿಕೆ ಹಾಕೋದೂ ಬೇಕಿರ್ಲಿಲ್ಲ. ರೋಗಾನೇ ಇರ್ಲಿಲ್ಲ."

ಅಕ್ಕ ತಲೆ ಎತ್ತಿದಳು.

"ಕಡ್ಡಿ ಗಂಡು. ಈ ಕಾಲಕ್ಕೆ ಗಂಡಿಗೆ ಹಾಗೆ ಗುಳ್ಳೆ ಏಳತ್ತೆ, ಕೆನ್ನೆ ಮೇಲೆ, ರೆಕ್ಕೆ ಮೇಲೆ. ಬೆದೆಗೆ ಬಂದಿದೆ ಅಷ್ಟೆ. ಇದರ ಹೊಟ್ಟೇಲಿ ಮೊಟ್ಟೆ ಇತ್ತು. ಅಟ್ಟಿಸಿ ಅಟ್ಟಿಸಿ ಸುಸ್ತಾಗಿತ್ತು, ಅದಕ್ಕೇ ಅಡಗಿ ಕೂರ್ತಿತ್ತು. ಎರಡೂ ಚೆನ್ನಾಗೇ ಇದ್ವು."

"ಮತ್ತೆ ಬೆಳಿಗ್ಗೆ ಚುಕ್ಕೆ ರೋಗ ಅಂದೆ?"

"ಅಂದೆ."

"ಯಾಕೆ ಅಂದೆ?"

"ನೋಡದೆ ಅಂದೆ ಅಕ್ಕ."

ಮೋಟಾರು ಗುಳುಗುಳು ಎನ್ನುತ್ತಿತ್ತು. ಭಾವ ಬಕೀಟಿನ ಹಿಡಿಕೆ ಹಿಡಿದು, ಹೊರಗೆ ಚೆಲ್ಲುವಂಥದ್ದು ಅದರಲ್ಲಿ ಏನೂ ಇಲ್ಲದಿದ್ದರೂ, ಹೊರಗೆ ಹೋದರು.

ಅಕ್ಕ ಸ್ಟೂಲಿನ ಮೇಲೆ ಕೂತಳು. ತೊಡೆಯ ಮೇಲೆ ಸೆರಗು, ಸೆರಗಿನಲ್ಲಿ ಡುಮ್ಮಿ. ಒದ್ದೆ ಸೀರೆಗೆ ಹರಡುತ್ತಿತ್ತು. "ಊರಿನ ದನಕ್ಕೆಲ್ಲ ಬಗ್ಗಿ ಬಗ್ಗಿ ನೋಡ್ತೀಯ," ಎಂದಳು. ಧ್ವನಿ ಏರಲಿಲ್ಲ. "ಬಾಲ ಎತ್ತಿ ನೋಡ್ತೀಯ, ಬಾಯಿ ತೆಗೆದು ನೋಡ್ತೀಯ. ನನ್ನ ಎರಡು ಮೀನು ನೋಡೋಕೆ ಬಾ ಅಂದೆ. ಇನ್ನೇನು ಕೇಳಿದೀನಿ ನಿನ್ನನ್ನ?"

"ಏನೂ ಕೇಳಿಲ್ಲ."

"ಬರೋಕಾಗಲ್ಲ ಅಂದಿದ್ರೆ ಆಗ್ತಿತ್ತು. ನನಗೆ ತಿಳಿಯಲ್ಲ, ನೋಡಿ ಹೇಳ್ತೀನಿ ಅಂದಿದ್ರೂ ಆಗ್ತಿತ್ತು. ಎಷ್ಟು ಧೈರ್ಯವಾಗಿ ಹೇಳ್ದೆ. ನಾನು ಆ ಪಾಪದ್ದರ ತಲೆ ಮೇಲೇ ಸುರಿದೆ. ಅದು ಹೆದರಿ ಓಡಿದ್ರೆ, ಮದ್ದು ಹತ್ತಿದೆ ಅಂದ್ಕೊಂಡೆ."

ಡಾಕ್ಟರಮ್ಮನಿಗೆ ಅಕ್ಕ ಇನ್ನೂ ಬೈಯಲಿ ಅನ್ನಿಸಿತು. ಜೋರಾಗಿ, ಬೀದಿಗೆ ಕೇಳುವ ಹಾಗೆ. ಅಕ್ಕ ಬೈಯಲಿಲ್ಲ. ಎದ್ದು, ಹಿಂದಿನ ಬಾಗಿಲು ತೆಗೆದು, ಗಿಡದ ಕುಂಡವೊಂದರ ಬಳಿ ಕೂತು, ಮುಚ್ಚದ ಬೆರಳುಗಳಿಂದ ಮಣ್ಣು ಕೆರೆಯತೊಡಗಿದಳು. ತಂಗಿ ಹೋಗಿ ಪಕ್ಕದಲ್ಲಿ ಕೂತು ಕೈ ಹಾಕಿದಳು. ಅಕ್ಕ ಬೇಡವೆನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಇಬ್ಬರೂ ಸೇರಿ ಮಣ್ಣು ಮುಚ್ಚಿದರು.

ಒಳಗೆ ಬಂದು ಕೈ ತೊಳೆದ ಮೇಲೆ ಡಾಕ್ಟರಮ್ಮ ತೊಟ್ಟಿಯ ನೀರನ್ನು ಮತ್ತೊಮ್ಮೆ ನಾಲಿಗೆಗೆ ಇಟ್ಟು ನೋಡಿದಳು. ಇನ್ನೂ ಉಪ್ಪಿತ್ತು, ಆದರೆ ತಡೆಯುವಷ್ಟು. ಕಡ್ಡಿ ನಡುನೀರಿನಲ್ಲಿ ನಿಂತಿತ್ತು. ಮಲಗುವ ಮುಂಚೆ ಇನ್ನೊಮ್ಮೆ ಒಂದು ಬಕೀಟು ಬದಲಾಯಿಸಬೇಕೆಂದು ಭಾವನಿಗೆ ಹೇಳಿದಳು. ಅವರು ತಲೆಯಾಡಿಸಿದರು.

"ಅಕ್ಕ, ನಾಳೆ ಪೇಟೆಗೆ ಹೋಗಿ ಇನ್ನೊಂದು ತಂದುಕೊಡ್ತೀನಿ. ಹೆಣ್ಣೇ ನೋಡಿ ತರ್ತೀನಿ."

"ಬೇಡ."

"ಇದೊಂದೇ ಆಗತ್ತಲ್ಲ."

"ಬೇಡ ಅಂದ್ನಲ್ಲ." ಅಕ್ಕ ನೆಲದ ಮೇಲೆ ಚೆಲ್ಲಿದ್ದ ನೀರನ್ನು ಬಟ್ಟೆ ಹಾಕಿ ಕಾಲಲ್ಲಿ ಒರೆಸುತ್ತಿದ್ದಳು. "ನೀನು ತಂದುಕೊಡ್ತೀಯ. ಅಲ್ಲಿಗೆ ತೀರ್ತು ಅಂದ್ಕೋತೀಯ. ತೀರೋದು ಬೇಡ. ಇರ್ಲಿ ಅದು ಹಾಗೇ."

ತಂಗಿ ಮಡಿಚಿದ್ದ ತೋಳು ಇಳಿಸಿದಳು. ಕೋಟು ತೊಟ್ಟುಕೊಂಡಳು. ಭಾವ "ಊಟ ಮಾಡ್ಕೊಂಡು ಹೋಗಮ್ಮ, ಈಗ ಒಲೆ ಹಚ್ತಾಳೆ," ಎಂದರು. ಅಕ್ಕ ಆ ಮಾತನ್ನು ಮುಂದುವರಿಸಲಿಲ್ಲ. ಇಷ್ಟು ವರ್ಷಗಳಲ್ಲಿ ಅಕ್ಕ ಉಣ್ಣೆಂದು ಹೇಳದೆ ಅವಳನ್ನು ಆ ಹೊಸ್ತಿಲು ದಾಟಿಸಿದ್ದಿಲ್ಲ.

ಮೆಟ್ಟಿಲ ಮೇಲೆ ಕೂತು ಬೂಟು ಹಾಕಿಕೊಳ್ಳುವಾಗ ಎಡಗಾಲು ಒಳಗೆ ಹೋಗಲೊಲ್ಲದು; ಊದಿಕೊಂಡಿತ್ತು. ಬೂಟನ್ನು ಕೈಯಲ್ಲೇ ಹಿಡಿದು ಬರಿಗಾಲಲ್ಲಿ ಸ್ಕೂಟರಿನ ತನಕ ಹೋದಳು. ಬಾಗಿಲಲ್ಲಿ ಅಕ್ಕ ಬಂದು ನಿಂತದ್ದು ಬೆಳಕು ಕಡಿಮೆಯಾದಾಗ ಗೊತ್ತಾಯಿತು.

"ನಾಳೆ ಬೆಳಿಗ್ಗೆ ಬಂದು ಅವನನ್ನ, ಕಡ್ಡೀನ, ನೋಡು," ಎಂದಳು ಅಕ್ಕ. "ಫೋನು ಮಾಡಿ ಕೇಳ್ಬೇಡ."

"ನಾಳೆ ಬೆಟ್ಟದ ಕಡೆ ಕೊಟ್ಟಿಗೆಗಳಿವೆ ಅಕ್ಕ, ಬೆಳಗಾಗೋಕೆ ಮುಂಚೆ…" ಎಂದು ಶುರುಮಾಡಿದವಳು ಅಲ್ಲಿಗೇ ನಿಲ್ಲಿಸಿದಳು. "ಬರ್ತೀನಿ. ಮೊದಲು ಇಲ್ಲಿಗೆ ಬಂದು, ಆಮೇಲೆ ಹೋಗ್ತೀನಿ."

"ನೋಡೋಣ," ಎಂದಳು ಅಕ್ಕ.